ಆಂಗ್ಲ ಕೂಡುನುಡಿಗಳೂ ತಂಬ್ರಹಳ್ಳಿಯ ಒಂದು ಕಾಗದವೂ

ಪರಭಾಷೆಯೊಂದನ್ನು ಕಲಿಯಹೊರಟವನಿಗೆ ದೊಡ್ಡ ಶಬ್ದಗಳಿಂದ ಅಷ್ಟಾಗಿ ಅಪಾಯವಿಲ್ಲ. ದೊಡ್ಡ ಶಬ್ದ ಎದುರಾದೊಡನೆಯೇ ಅವನು ಎಚ್ಚರಗೊಳ್ಳುತ್ತಾನೆ, ನಿಘಂಟನ್ನು ತೆರೆಯುತ್ತಾನೆ, ಬಲ್ಲವರನ್ನು ಕೇಳುತ್ತಾನೆ. ಅವನನ್ನು ದಾರಿ ತಪ್ಪಿಸುವುವು ಸಣ್ಣ ಶಬ್ದಗಳು. ಗೋ, ಕಮ್, ಪುಟ್, ಟೇಕ್, ಟರ್ನ್ ಎಂಬ ಕ್ರಿಯಾಪದಗಳನ್ನಾಗಲಿ, ಅಪ್, ಡೌನ್, ಇನ್, ಔಟ್, ಆಫ್ ಎಂಬ ಅವ್ಯಯಗಳನ್ನಾಗಲಿ ಅರಿಯದ ವಿದ್ಯಾರ್ಥಿ ಯಾವ ಶಾಲೆಯಲ್ಲಿಯೂ ಇರಲಾರನು. ಆದರೆ ಇವೆರಡು ವರ್ಗದ ಶಬ್ದಗಳು ಜೊತೆಗೂಡಿ ನಿಂತಾಗ ಹುಟ್ಟುವ ಅರ್ಥವು ಬಿಡಿ ಶಬ್ದಗಳಲ್ಲಿ ಎಲ್ಲಿಯೂ ಇರುವುದಿಲ್ಲ. ಟರ್ನ್ ಎಂದರೆ ತಿರುಗು, ಡೌನ್ ಎಂದರೆ ಕೆಳಗೆ. ಟರ್ನ್ ಡೌನ್ ಎಂದರೆ ತಿರಸ್ಕರಿಸು. ತಿರುಗುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ. ಇಂತಹವನ್ನು ಇಂಗ್ಲಿಷ್ ವ್ಯಾಕರಣಕಾರರು ಫ್ರೇಸಲ್ ವರ್ಬ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಕೂಡುನುಡಿ ಎನ್ನಬಹುದು. ಈ ಎರಡು ಶಬ್ದಗಳನ್ನು ಬಿಡಿಬಿಡಿಯಾಗಿ ಓದಿದ್ದರಿಂದ ತಂಬ್ರಹಳ್ಳಿಯಲ್ಲಿ ಒಂದು ಮನೆಗೆ ಒದಗಿದ ನಷ್ಟವನ್ನೂ, ಹಾಗೆ ಓದಿದ ಬಾಲಕನು ಮುಂದೆ ಇಂಗ್ಲಿಷ್ ಅಧ್ಯಾಪಕನಾಗಿ ಈ ಕೂಡುನುಡಿಗಳನ್ನೇ ತನ್ನ ಬಾಳಿನ ಅಭ್ಯಾಸವನ್ನಾಗಿ ಮಾಡಿಕೊಂಡುದನ್ನೂ ಇಲ್ಲಿ ಸ್ಮರಿಸಲಾಗಿದೆ. ಆ ಅಧ್ಯಾಪಕರು ತಮ್ಮ ಹೆಸರು ಬೇಡವೆಂದಿರುವುದರಿಂದ ಹೆಸರನ್ನು ಬಿಡಲಾಗಿದೆ.

ತಂಬ್ರಹಳ್ಳಿಯು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಗ್ರಾಮ. ಈ ಸೀಮೆಯು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿದ್ದು, ಅಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳೊಡನೆ ಮೈಸೂರು ರಾಜ್ಯವನ್ನು ಸೇರಿತು. 2021ರಲ್ಲಿ ನೂತನ ವಿಜಯನಗರ ಜಿಲ್ಲೆಗೆ ಸೇರಿತು. ರಾಜ್ಯ ಬದಲಾದರೂ ಕಚೇರಿಗಳ ಭಾಷೆ ಒಡನೆಯೇ ಬದಲಾಗಲಿಲ್ಲ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರಿದ ಕಾಯಿದೆ ಬಂದುದು 1963ರಲ್ಲಿ. ಅದಕ್ಕೆ ಮೊದಲು, ಮತ್ತು ಅದರ ನಂತರವೂ ಬಹುಕಾಲ, ದೂರದ ಕಚೇರಿಗಳಿಂದ ಹಳ್ಳಿಗೆ ಬರುತ್ತಿದ್ದ ಕಾಗದಗಳು ಇಂಗ್ಲಿಷಿನವೇ. ಅಂಚೆಯವನು ಅದನ್ನು ಕೈಗಿತ್ತು ಹೋದ ಮೇಲೆ ಓದುವವರನ್ನು ಹುಡುಕುವುದು ಆ ಮನೆಯವರ ಪಾಡು.

1961ರಲ್ಲಿ ಅಂತಹ ಒಂದು ಕಾಗದವು ಒಬ್ಬ ವಿಧವೆಗೆ ಬಂದಿತು. ಆಕೆಯ ಪತಿ ಪರಊರಿನಲ್ಲಿ ನೌಕರಿಯಲ್ಲಿರುವಾಗಲೇ ತೀರಿಕೊಂಡಿದ್ದನು. ಅವನ ಸಂಬಂಧದಲ್ಲಿ ಬರಬೇಕಾದ ಪರಿಹಾರಧನಕ್ಕಾಗಿ ಆಕೆ ಯಾರಿಂದಲೋ ಅರ್ಜಿ ಬರೆಸಿ ಕಳುಹಿಸಿ, ಒಂದು ವರ್ಷದಿಂದ ಉತ್ತರದ ಹಾದಿ ನೋಡುತ್ತಿದ್ದಳು. ಶಾಲೆಯ ಅಧ್ಯಾಪಕರು ಅಂದು ಊರಿನಲ್ಲಿರಲಿಲ್ಲ. ಓಣಿಯಲ್ಲಿ ಇಂಗ್ಲಿಷ್ ಓದುತ್ತಿದ್ದವನು ಹದಿಮೂರು ವರ್ಷದ ಒಬ್ಬ ಬಾಲಕ ಮಾತ್ರ. ಆಕೆ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, “ತಮ್ಮಾ, ಇದ್ರಾಗ ಏನ್ ಬರ್ದಾರ, ಓದಿ ಹೇಳಪ್ಪಾ” ಎಂದಳು.

ಬಾಲಕನು ತನ್ನ ಚಿಕ್ಕ ನಿಘಂಟನ್ನು ತಂದು ಜಗಲಿಯ ಮೇಲೆ ಕುಳಿತನು. ಕಾಗದದಲ್ಲಿ ಮುಖ್ಯವಾದುವು ಎರಡೇ ವಾಕ್ಯಗಳು. ಮೊದಲನೆಯದು: ಯುವರ್ ಕ್ಲೇಮ್ ಹ್ಯಾಸ್ ಬೀನ್ ಟರ್ನ್ಡ್ ಡೌನ್. ಕ್ಲೇಮ್ ಎಂಬ ಶಬ್ದ ತಿಳಿಯದ್ದರಿಂದ ನಿಘಂಟನ್ನು ನೋಡಿದನು, ಹಕ್ಕು ಎಂದಿತ್ತು. ಟರ್ನ್, ಡೌನ್ ಎಂಬವು ಅವನಿಗೆ ಗೊತ್ತಿದ್ದುವು, ಆದುದರಿಂದ ನೋಡಲಿಲ್ಲ. ಅರ್ಜಿಗಳು ಮೇಲಿನ ಕಚೇರಿಗೆ ಹೋಗುತ್ತವೆ, ಅಲ್ಲಿಂದ ಕೆಳಗಿನ ಕಚೇರಿಗೆ ಬರುತ್ತವೆ ಎಂಬುದನ್ನು ಅವನು ಹಿರಿಯರ ಮಾತಿನಲ್ಲಿ ಕೇಳಿದ್ದನು. ಎರಡನೆಯ ವಾಕ್ಯದಲ್ಲಿ ಟೇಕ್ ಅಪ್ ದಿ ಮ್ಯಾಟರ್ ಎಂದೂ, ಹೆಡ್ ಆಫೀಸ್ ಎಂದೂ, ತೊಂಬತ್ತು ದಿನಗಳೊಳಗೆ ಎಂದೂ ಇತ್ತು. ಟೇಕ್ ಎಂದರೆ ತೆಗೆದುಕೊ, ಅಪ್ ಎಂದರೆ ಮೇಲೆ. ಎಲ್ಲವೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿತು. ಅವನು ಸಂತೋಷದಿಂದ ಹೇಳಿದನು: “ದೊಡ್ಡವ್ವಾ, ನಿನ್ನ ಅರ್ಜಿ ಮೇಲಿನ ಕಚೇರಿಯಿಂದ ತಿರುಗಿ ಕೆಳಗ ಬಂದೈತಿ. ಇನ್ನ ತೊಂಬತ್ತು ದಿನದಾಗ ತಗೋಬಹುದಂತ.”

ತಪ್ಪು ಓದು ಎಂಬುದು ಯಾವಾಗಲೂ ತೊದಲುವುದಿಲ್ಲ. ಬಾಲಕನ ಓದಿನಲ್ಲಿ ಒಂದು ಶಬ್ದವೂ ಬಿಟ್ಟುಹೋಗಿರಲಿಲ್ಲ. ಪ್ರತಿಯೊಂದು ಶಬ್ದಕ್ಕೂ ಅರ್ಥವಿತ್ತು. ಇಡೀ ಕಾಗದಕ್ಕೆ ಒಂದು ಸುಸಂಬದ್ಧವಾದ ಕಥೆಯೂ ದೊರೆತಿತ್ತು. ಕಾಗದ ಹೇಳಿದ್ದುದು ಮಾತ್ರ ಅದಕ್ಕೆ ನೇರ ವಿರುದ್ಧವಾದುದು: ಅರ್ಜಿ ತಿರಸ್ಕೃತವಾಗಿದೆ; ಬೇಕಿದ್ದರೆ ತೊಂಬತ್ತು ದಿನಗಳೊಳಗೆ ಪ್ರಧಾನ ಕಚೇರಿಗೆ ಮೇಲ್ಮನವಿ ಸಲ್ಲಿಸಬಹುದು.

ಆಕೆ ಬಾಲಕನ ಕೈಯಲ್ಲಿ ಒಂದು ತುಂಡು ಬೆಲ್ಲವನ್ನಿಟ್ಟು ಹೋದಳು. ಅನಂತರ ಆ ಕಚೇರಿ, ಈ ಕಚೇರಿ ಎಂದು ಹಲವು ಬಾರಿ ಅಲೆದಳು. ಇಂತಹ ಹಣವೇನೂ ಬಂದಿಲ್ಲವೆಂದು ಎಲ್ಲೆಡೆಯೂ ಹೇಳಿದರು. ಹಣ ದಾರಿಯಲ್ಲಿದೆಯೆಂದು ಆಕೆ ನಂಬಿದ್ದಳು. ನಾಲ್ಕು ತಿಂಗಳು ಕಳೆದ ಮೇಲೆ ಶಾಲೆಯ ಮುಖ್ಯೋಪಾಧ್ಯಾಯರು ಕಾಗದವನ್ನು ತರಿಸಿಕೊಂಡು ಓದಿದರು. ಅವರು ಬಾಲಕನನ್ನು ಗದರಲಿಲ್ಲ. ವಿಳಂಬಕ್ಕೆ ಕಾರಣವನ್ನು ವಿವರಿಸಿ ತಾವೇ ಒಂದು ಮನವಿಯನ್ನು ಬರೆದು ರಿಜಿಸ್ಟರ್ ಮಾಡಿ ಕಳುಹಿಸಿದರು. ಅವಧಿ ಮೀರಿರುವುದರಿಂದ ವಿಷಯವನ್ನು ವಿಚಾರಿಸಲಾಗದೆಂದು ಕೆಲವು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂದಿತು. ಆ ಸಾಲಿನಲ್ಲಿಯೂ ಗೋ ಇನ್‌ಟು ಎಂಬ ಮತ್ತೊಂದು ಕೂಡುನುಡಿ ಇತ್ತಂತೆ. ಬಾಲಕನು ಅಳುತ್ತ ಹೋಗಿ ನಿಂತಾಗ ಆಕೆ, “ಹೋಗ್ಲಿ ಬಿಡಪ್ಪಾ, ಅವ್ರು ಇಂಗ್ಲೀಷಿನಾಗ ಬರದ್ರ ನೀನರ ಏನ್ ಮಾಡ್ತಿ” ಎಂದಳು. ಕೂಲಿನಾಲಿ ಮಾಡಿಯೇ ಆಕೆ ಮಕ್ಕಳನ್ನು ಬೆಳೆಸಿದಳು.

ಆಕೆ ಬಾಲಕನನ್ನು ಮನ್ನಿಸಿದಳು. ಬಾಲಕನು ತನ್ನನ್ನು ಮನ್ನಿಸಿಕೊಳ್ಳಲಿಲ್ಲ. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಪ್ರೌಢಶಾಲೆಯನ್ನು ಓದುವಾಗ ಅವನ ಕೈಗೆ ವ್ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಗ್ರಂಥವು ದೊರೆಯಿತು. ಅದರಲ್ಲಿ ಇಂತಹ ಕ್ರಿಯಾಪದಗಳ ಪಟ್ಟಿಗಳಿದ್ದುವು. ಅವನು ಆ ಪಟ್ಟಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದನು. ಆದರೆ ಬಾಯಿಪಾಠವು ಪರೀಕ್ಷೆಯ ಕೊಠಡಿಯವರೆಗೆ ಮಾತ್ರ ಜೊತೆಗೆ ಬಂದಿತು. ಬ್ರೇಕ್ ಇನ್, ಬ್ರೇಕ್ ಔಟ್, ಬ್ರೇಕ್ ಅಪ್, ಬ್ರೇಕ್ ಡೌನ್ ಎಂದು ಒಂದೇ ಉಸಿರಿಗೆ ಕಲಿತುವು ಒಂದೇ ಉಸಿರಿಗೆ ಕಲಸಿಯೂ ಹೋದುವು. ಈ ಪಟ್ಟಿಯ ಪದ್ಧತಿ ಇಂದಿಗೂ ನಮ್ಮ ಶಾಲೆಗಳಲ್ಲಿ ಬಿಟ್ಟಿಲ್ಲವೆಂಬುದು ಖೇದದ ಸಂಗತಿ.

ಅವನಿಗೆ ಬೆಳಕು ಕಂಡುದು ಇಂಗ್ಲಿಷ್ ತರಗತಿಯಲ್ಲಿ ಅಲ್ಲ, ಮಠದ ಸಂಸ್ಕೃತ ಪಾಠದಲ್ಲಿ. ಪಂಡಿತರು ಒಂದು ದಿನ ಉಪಸರ್ಗಗಳನ್ನು ಹೇಳಿಕೊಡುತ್ತ, ಹೃ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ವಿವರಿಸಿದರು. ಊಟಕ್ಕೂ ಕೊಲೆಗೂ ಧಾತು ಒಂದೇ. ಮುಂದೆ ಬಂದು ಕೂಡುವ ಸಣ್ಣ ಅಕ್ಷರಗಳೇ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಒಯ್ಯುತ್ತವೆ. ಪರಿಹಾರ ಎಂಬ ಶಬ್ದ ಕಿವಿಗೆ ಬಿದ್ದಾಗ ಆ ವಿದ್ಯಾರ್ಥಿಗೆ ಕಾಗದದ ನೆನಪಾಯಿತು. ಸಂಸ್ಕೃತದಲ್ಲಿ ಸಣ್ಣ ಶಬ್ದವು ಧಾತುವಿನ ಮುಂದೆ ನಿಂತು ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹಿಂದೆ, ಬಿಡಿಯಾಗಿ ನಿಲ್ಲುತ್ತದೆ. ಬಿಡಿಯಾಗಿ ನಿಲ್ಲುವುದರಿಂದಲೇ ಕಣ್ಣಿಗೆ ಮೋಸವಾಗುವುದು.

ಈ ಕಷ್ಟ ಇಂಗ್ಲಿಷರಿಗೂ ತಿಳಿಯದುದೇನಲ್ಲ. 1755ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ನನು ಅದರ ಪೀಠಿಕೆಯಲ್ಲಿಯೇ, ಕ್ರಿಯಾಪದಕ್ಕೆ ಸಣ್ಣ ಶಬ್ದವೊಂದನ್ನು ಸೇರಿಸಿ ಅರ್ಥ ಬದಲಿಸುವ ಈ ರೂಢಿಯು ಪರದೇಶೀಯರಿಗೆ ಅತ್ಯಂತ ಕಷ್ಟಕರವಾದುದೆಂದು ಹೇಳಿ, ಅವುಗಳನ್ನು ಶ್ರಮವಹಿಸಿ ಸಂಗ್ರಹಿಸಿದ್ದಾಗಿ ತಿಳಿಸಿದ್ದಾನೆ. ಫ್ರೇಸಲ್ ವರ್ಬ್ ಎಂಬ ಹೆಸರಾದರೋ ತೀರ ಈಚಿನದು. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ವಿದ್ವಾಂಸನು 1925ರ ತನ್ನ ಗ್ರಂಥದಲ್ಲಿ ಅದನ್ನು ಬಳಸಿ, ಆಕ್ಸ್‌ಫರ್ಡ್ ಮಹಾಕೋಶದ ಸಂಪಾದಕರಲ್ಲಿ ಒಬ್ಬನಾದ ಹೆನ್ರಿ ಬ್ರ್ಯಾಡ್ಲಿಯು ತನಗೆ ಅದನ್ನು ಸೂಚಿಸಿದನೆಂದು ಹೇಳಿದನು.

ಆ ಬಾಲಕನು ಅಧ್ಯಾಪಕನಾಗಿ ಶ್ರೀಮಠದ ಶಾಲೆಯೊಂದನ್ನು ಸೇರಿ, 1974ರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದರು. 1963ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ದಕ್ಷಿಣದ ರಾಜ್ಯಗಳ ಶಾಲಾ ಅಧ್ಯಾಪಕರಿಗೆ ಇಂಗ್ಲಿಷ್ ಬೋಧನೆಯ ಶಿಕ್ಷಣವನ್ನು ನೀಡುತ್ತ ಬಂದಿದೆ. ಅಲ್ಲಿಯ ಗ್ರಂಥಾಲಯದಲ್ಲಿ ಅವರು ಹಾರ್ನ್‌ಬಿಯ ನಿಘಂಟನ್ನು ಮೊದಲ ಬಾರಿಗೆ ಕಂಡರು. ಪರಭಾಷಿಕ ಕಲಿಕೆಯವರಿಗಾಗಿಯೇ ಸಿದ್ಧವಾದ ಆ ನಿಘಂಟಿನಲ್ಲಿ ಟರ್ನ್ ಎಂಬ ಒಂದು ಶಬ್ದದ ಅಡಿಯಲ್ಲಿ ಅದರ ಕೂಡುನುಡಿಗಳೆಲ್ಲ ವಾಕ್ಯಸಹಿತವಾಗಿ ನಿಂತಿದ್ದುವು. ಟರ್ನ್ ಡೌನ್ ಎಂಬುದೂ ಅಲ್ಲಿತ್ತು. ಆ ಪುಟವನ್ನು ಅವರು ಬಹಳ ಹೊತ್ತು ನೋಡುತ್ತ ಕುಳಿತಿದ್ದರಂತೆ.

ತರಗತಿಗೆ ಮರಳಿದ ಮೇಲೆ ಅವರು ಕಂಡುಕೊಂಡ ವಿಧಾನವು ಮಾತ್ರ ಯಾವ ತರಬೇತಿಯಿಂದಲೂ ಬಂದುದಲ್ಲ. ಅವರು ಮೊದಲು ಕಪ್ಪುಹಲಗೆಯ ಮೇಲೆ ಕನ್ನಡವನ್ನೇ ಬರೆಯುತ್ತಿದ್ದರು. ಕೈಕೊಡು, ಕೈಬಿಡು, ಕೈಹಿಡಿ, ಕೈಗೊಳ್ಳು, ಕೈಮಾಡು. “ಮಳೆ ಈ ವರ್ಷ ಕೈಕೊಟ್ಟಿತು ಅಂದ್ರ ಮಳೆಗೆ ಕೈ ಎಲ್ಲಿ ಐತ್ರೋ?” ಎಂದು ಕೇಳುತ್ತಿದ್ದರು. ಮಕ್ಕಳು ನಗುತ್ತಿದ್ದರು. ಕೊಡು ಎಂಬುದು ದಾನದ ಶಬ್ದ. ಕೈಕೊಡು ಎಂಬುದು ವಂಚನೆಯ ಶಬ್ದ. ಇದನ್ನು ಯಾವ ಮಗುವಿಗೂ ಯಾರೂ ಪಟ್ಟಿಯಿಂದ ಕಲಿಸಿಲ್ಲ. ಮಳೆ ಬಾರದ ವರ್ಷದಲ್ಲಿ ತಂದೆಯ ಬಾಯಿಂದ ಕೇಳಿ ಅದು ಕಲಿತಿದೆ. ಜರ್ಮನಿಯಿಂದ ಬಂದ ಕಿಟೆಲ್ ಪಾದ್ರಿಯವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕೈ ಎಂಬುದರೊಡನೆ ಕೂಡಿದ ನುಡಿಗಳನ್ನು ಸಾಲುಸಾಲಾಗಿ ಸಂಗ್ರಹಿಸಿಟ್ಟುದು ಸುಮ್ಮನೆ ಅಲ್ಲ. ಕನ್ನಡ ಕಲಿಯುವ ಪರದೇಶೀಯನಿಗೂ ಅದೇ ಕಷ್ಟ.

ಇಂಗ್ಲಿಷಿನ ಅಪ್ ಎಂಬುದು ಹಲವೆಡೆ ಮೇಲೆ ಎಂಬ ಅರ್ಥವನ್ನು ಪೂರ್ತಿಯಾಗಿ ತೊರೆದು, ಕೆಲಸ ಮುಗಿಯಿತೆಂಬುದನ್ನು ಮಾತ್ರ ಸೂಚಿಸುತ್ತದೆ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್. ಕನ್ನಡದ ಬಿಡು ಎಂಬುದು ಇದೇ ಕೆಲಸವನ್ನು ಮಾಡುತ್ತದೆ: ತಿಂದುಬಿಡು, ಕುಡಿದುಬಿಡು. ತಿಂದುಬಿಡು ಎಂದಾಗ ಯಾರೂ ಏನನ್ನೂ ಬಿಡುವುದಿಲ್ಲ, ತಟ್ಟೆ ಬರಿದಾಗುತ್ತದೆ. ಉಪ್ಪು ಹಾಕಿ ನೋಡು ಎಂದಾಗ ಕಣ್ಣಿಗೆ ಕೆಲಸವಿಲ್ಲ. ಮುಂದೂಡು ಎಂಬುದಂತೂ ಪುಟ್ ಆಫ್ ಎಂಬುದರ ಒಡಹುಟ್ಟಿದ ಸೋದರನಂತಿದೆ. ಲುಕ್ ಆಫ್ಟರ್ ಎಂದರೆ ನೋಡಿಕೊಳ್ಳು. ಇಲ್ಲಿ ಎರಡೂ ಭಾಷೆಗಳು ನೋಡುವ ಕ್ರಿಯೆಯಿಂದಲೇ ಹೊರಟು ಆರೈಕೆಗೆ ಬಂದು ತಲುಪಿರುವುದು ಸೋಜಿಗ. ಹೀಗೆ ಎಲ್ಲವೂ ಹೊಂದುತ್ತವೆ ಎಂದಲ್ಲ. ಮನೆ ಸುಟ್ಟುಹೋದುದನ್ನು ಬರ್ನ್ ಅಪ್ ಎಂದೂ ಬರ್ನ್ ಡೌನ್ ಎಂದೂ ಎರಡು ಬಗೆಯಾಗಿ ಹೇಳುವ ಜನರ ತರ್ಕವನ್ನು ಅಧ್ಯಾಪಕರು ವಿವರಿಸಲು ಹೋಗುತ್ತಿರಲಿಲ್ಲ.

ಈ ವಿಧಾನದ ಹಿಂದೆ ಅವರಿಗೆ ಕಾಡುತ್ತಿದ್ದ ಒಂದು ವಿಚಾರವಿತ್ತು. 1961ರ ಕಾಗದವು ಕನ್ನಡದಲ್ಲಿ ಬಂದು, ಅರ್ಜಿಯನ್ನು ತಳ್ಳಿಹಾಕಲಾಗಿದೆ ಎಂದು ಬರೆದಿದ್ದರೆ, ಅಕ್ಷರವರಿಯದ ಆ ತಾಯಿ ಕೇಳಿದೊಡನೆಯೇ ತಿಳಿಯುತ್ತಿದ್ದಳು. ಯಾರು ತಳ್ಳಿದರು, ಎಲ್ಲಿ ಹಾಕಿದರು ಎಂದು ಕೇಳುತ್ತಿರಲಿಲ್ಲ. ಕೂಡುನುಡಿಯನ್ನು ಇಡಿಯಾಗಿ ಹಿಡಿಯುವ ಶಕ್ತಿ ಆಕೆಯಲ್ಲಿ ಪೂರ್ಣವಾಗಿತ್ತು, ಬಾಲಕನಲ್ಲಿಯೂ ಇತ್ತು. ಇಂಗ್ಲಿಷ್ ಪುಸ್ತಕ ತೆರೆದೊಡನೆ ಆ ಶಕ್ತಿಯನ್ನು ಬದಿಗಿಟ್ಟು ಶಬ್ದಶಬ್ದವನ್ನೂ ಬಿಡಿಸಿ ಓದಬೇಕೆಂದು ಶಾಲೆ ಅವನಿಗೆ ಕಲಿಸಿತ್ತು.

ಇನ್ನೊಂದು ಸಂಗತಿಯನ್ನೂ ಅವರು ಎತ್ತಿ ಹೇಳುತ್ತಿದ್ದರು. ನಮ್ಮವರಿಗೆ ಪೋಸ್ಟ್‌ಪೋನ್, ರಿಜೆಕ್ಟ್, ಟಾಲರೇಟ್ ಎಂಬ ಲ್ಯಾಟಿನ್ ಮೂಲದ ಭಾರವಾದ ಶಬ್ದಗಳು ಸುಲಭ. ಪುಟ್ ಆಫ್, ಟರ್ನ್ ಡೌನ್, ಪುಟ್ ಅಪ್ ವಿತ್ ಎಂಬ ಮನೆಮಾತಿನ ನುಡಿಗಳು ಕಷ್ಟ. ಇಂಗ್ಲಿಷರ ಮಗುವಿಗೆ ಇದು ತಿರುವುಮುರುವು. ಪುಸ್ತಕದ ದಾರಿಯಿಂದ ಭಾಷೆಯ ಮನೆಯನ್ನು ಹೊಕ್ಕವರು ಪಡಸಾಲೆಯಲ್ಲಿಯೇ ಉಳಿಯುತ್ತಾರೆ, ಅಡುಗೆಮನೆಯ ಮಾತು ಕಿವಿಗೆ ಬೀಳುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಧರ್ಮದ ಗಹನ ವಿಚಾರಗಳನ್ನು ಜನರ ಆಡುನುಡಿಯಲ್ಲಿ ಹೇಳಿದುದನ್ನು ಮಠದ ಶಾಲೆಯ ಮಕ್ಕಳಿಗೆ ಹೊಸದಾಗಿ ತಿಳಿಸಬೇಕಾಗಿರಲಿಲ್ಲ. ಇಂಗ್ಲಿಷಿಗೂ ಅಂತಹ ಒಂದು ಆಡುನುಡಿಯಿದೆ, ಅದರ ಗಂಟುಗಳೇ ಈ ಕೂಡುನುಡಿಗಳು ಎಂದರೆ ಸಾಕಾಗುತ್ತಿತ್ತು.

ಬಳಕೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಪುಟ್ ಆಫ್ ದಿ ಮೀಟಿಂಗ್ ಎನ್ನಬಹುದು, ಪುಟ್ ದಿ ಮೀಟಿಂಗ್ ಆಫ್ ಎಂದೂ ಎನ್ನಬಹುದು. ಆದರೆ ಮೀಟಿಂಗ್ ಎಂಬುದರ ಬದಲು ಇಟ್ ಎಂಬ ಸರ್ವನಾಮ ಬಂದರೆ ಅದು ನಡುವೆಯೇ ಬರಬೇಕು: ಪುಟ್ ಇಟ್ ಆಫ್. ಇದಕ್ಕೆ ಅವರ ದೃಷ್ಟಾಂತ ಎತ್ತಿನ ಬಂಡಿ. ಬಂಡಿ ಹೊಡೆಯುವವನು ಮೂಕಿಯ ಮೇಲೆ ಎರಡು ಎತ್ತುಗಳ ನಡುವೆ ಕೂಡುತ್ತಾನೆ. ಹೇರು ಹಿಂದೆ ಇರುತ್ತದೆ. ಹಗುರವಾದ ಸರ್ವನಾಮಕ್ಕೆ ಮೂಕಿ, ಉದ್ದವಾದ ನಾಮಪದಕ್ಕೆ ಬಂಡಿ. ಲುಕ್ ಆಫ್ಟರ್ ಎಂಬಂತಹವು ಈ ಬಂಡಿಗೆ ಹೂಡುವ ಎತ್ತುಗಳಲ್ಲ. ಅಲ್ಲಿ ನಡುವೆ ಯಾರಿಗೂ ಜಾಗವಿಲ್ಲ. ಲುಕ್ ಹಿಮ್ ಆಫ್ಟರ್ ಎಂದು ಬರೆದವನಿಗೆ ಅಂದು ಹತ್ತು ವಾಕ್ಯಗಳ ದಂಡ. ಉಚ್ಚಾರಣೆಯಲ್ಲಿ ಒತ್ತು ಬೀಳುವ ಸ್ಥಾನವನ್ನೂ ಅವರು ಬಾಯಿಬಿಟ್ಟು ಹೇಳಿಸುತ್ತಿದ್ದರು. ಲುಕ್ ಅಟ್ ಎನ್ನುವಾಗ ಒತ್ತು ಲುಕ್ ಎಂಬುದಕ್ಕೆ. ಟರ್ನ್ ಡೌನ್ ಎನ್ನುವಾಗ ಡೌನ್ ಎಂಬುದಕ್ಕೆ. ಶಬ್ದದ ಮೊದಲಿಗೇ ಒತ್ತು ಕೊಟ್ಟು ರೂಢಿಯಾದ ನಮ್ಮ ನಾಲಗೆಗೆ ಇದು ಸುಲಭವಲ್ಲ.

ತಮಾಷೆಯ ಪ್ರಸಂಗಗಳೂ ಇದ್ದುವು. ವಸತಿ ಮಾಡು ಎಂಬ ಅರ್ಥದಲ್ಲಿ ಪುಟ್ ಅಪ್ ಎಂಬುದನ್ನು ನಮ್ಮ ದೇಶದಲ್ಲಿ ಧಾರಾಳವಾಗಿ ಬಳಸುತ್ತಾರೆ. ನಿಲಯದ ವಿದ್ಯಾರ್ಥಿಯೊಬ್ಬನು ತಾನು ವಾರ್ಡನ್ನರ ಜೊತೆಯಲ್ಲಿರುವುದಾಗಿ ಮನೆಗೆ ಬರೆಯಹೋಗಿ, ಐ ಆಮ್ ಪುಟಿಂಗ್ ಅಪ್ ವಿತ್ ದಿ ವಾರ್ಡನ್ ಎಂದು ಬರೆದನು. ವಿತ್ ಸೇರಿದೊಡನೆ ಅದು, ವಾರ್ಡನ್ನರ ಕಾಟವನ್ನು ಸಹಿಸಿಕೊಂಡಿದ್ದೇನೆ ಎಂದಾಯಿತು. ಪತ್ರವನ್ನು ಕಂಡ ವಾರ್ಡನ್ನರು, ಹುಡುಗನ ಇಂಗ್ಲಿಷ್ ಸರಿಯಾಗಿಯೇ ಇದೆ ಎಂದರಂತೆ. ಕೋಪ್ ವಿತ್ ಎಂಬಲ್ಲಿ ನಡುವೆ ಬೇಡದ ಅಪ್ ಒಂದನ್ನು ತುರುಕುವುದು, ಡಿಸ್ಕಸ್ ಎಂಬುದಕ್ಕೆ ಅಬೌಟ್ ಅಂಟಿಸುವುದು ಇಂದಿಗೂ ವಿದ್ಯಾವಂತರಲ್ಲಿಯೇ ಕಾಣುವ ದೋಷಗಳು. ಕಾಲೇಜಿನಿಂದ ಪಾಸ್ ಔಟ್ ಆದೆನೆಂದು ನಮ್ಮವರು ಹೆಮ್ಮೆಯಿಂದ ಹೇಳಿದರೆ, ಹೊರದೇಶದವರಲ್ಲಿ ಅನೇಕರು ಮೂರ್ಛೆ ಹೋದನೆಂದು ತಿಳಿದಾರು.

ಆದರೆ ಶಾಲೆಯ ಹೊರಗೆ ಹಳ್ಳಿಯ ಜನ ಈ ನುಡಿಗಳನ್ನು ಎಷ್ಟು ಸಲೀಸಾಗಿ ನುಂಗಿದ್ದಾರೆ ಎಂಬುದು ಅಧ್ಯಾಪಕರಿಗೆ ನಿರಂತರ ಬೆರಗು. ಬಸ್ಸು ಬ್ರೇಕ್‌ಡೌನ್ ಆಯಿತು ಎಂದು ಸಂತೆಗೆ ಹೊರಟ ಮುದುಕಿ ಹೇಳುತ್ತಾಳೆ. ನಾಟಕದವರು ಮೇಕಪ್ ಮಾಡಿಕೊಳ್ಳುತ್ತಾರೆ, ಆಸ್ಪತ್ರೆಗೆ ಚೆಕಪ್ಪಿಗೆ ಹೋಗುತ್ತಾರೆ, ಈರುಳ್ಳಿ ಚೀಲಗಳನ್ನು ಹೇರುವ ಗಾಡಿಗೆ ಪಿಕಪ್ ಎಂದೇ ಹೆಸರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಎಂಬ ನುಡಿಯು ಒಂದೇ ವಾರದಲ್ಲಿ ಎಲ್ಲ ಹಳ್ಳಿಗಳನ್ನೂ ಮುಟ್ಟಿತು. ಬೀಗ ಎಲ್ಲಿ, ಕೆಳಗೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಬಾಗಿಲು ಹಾಕಿಕೊಂಡು ಒಳಗಿದ್ದರು.

ಅಧ್ಯಾಪಕರು 2006ರಲ್ಲಿ ನಿವೃತ್ತರಾದರು. ಅವರ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಕೂಡುನುಡಿಯ ಎದುರು ಅರ್ಥವಿಲ್ಲ. ಅದನ್ನು ಎಲ್ಲಿ, ಯಾರ ಬಾಯಿಂದ, ಯಾವ ಪತ್ರದಲ್ಲಿ ಕಂಡರೆಂಬುದೂ ಆ ಇಡೀ ವಾಕ್ಯವೂ ಇವೆ. ಮೊದಲನೆಯ ಪುಟದಲ್ಲಿರುವುದು 1961ರ ಆ ಎರಡು ವಾಕ್ಯಗಳು.

ಊರಿನವರು ಈಗಲೂ ಅವರ ಜಗಲಿಗೆ ಬರುತ್ತಾರೆ. ಕಾಗದದ ಬದಲು ಮೊಬೈಲನ್ನು ಹಿಡಿದುಕೊಂಡು ಬರುತ್ತಾರೆ. ಕಳೆದ ಮುಂಗಾರಿನ ಅನಂತರ ರೈತನೊಬ್ಬನು ಬೆಳೆವಿಮೆಯ ಸಂಬಂಧವಾಗಿ ಬಂದ ಇಂಗ್ಲಿಷ್ ಸಂದೇಶವೊಂದನ್ನು ತಂದು ತೋರಿಸಿದನು. ಅವನ ಕ್ಲೇಮ್ ಟೇಕನ್ ಅಪ್ ಆಗಿದೆ ಎಂದು ಅದರಲ್ಲಿತ್ತು. ಮಗನು ಓದಿ, ದುಡ್ಡು ತಗೊಂಡಾಯಿತೆಂದು ಹೇಳಿದ್ದನಂತೆ. ಬ್ಯಾಂಕಿನಲ್ಲಿ ನೋಡಿದರೆ ಏನೂ ಇರಲಿಲ್ಲ. ಅಧ್ಯಾಪಕರು ಕನ್ನಡಕವನ್ನು ಹಾಕಿಕೊಂಡು ಎರಡು ಬಾರಿ ಓದಿದರು. ತಿಳಿದ ಶಬ್ದವೇ ಆದರೂ ಒಳಗೆ ಹೋಗಿ ನಿಘಂಟನ್ನು ತಂದು ಮತ್ತೊಮ್ಮೆ ನೋಡಿದರು. ಆಮೇಲೆ, “ದುಡ್ಡು ಇನ್ನಾ ಕೈಗೆ ಬಂದಿಲ್ಲಪ್ಪಾ. ನಿನ್ನ ಅರ್ಜೀನ ಕೈಗೆತ್ತಿಗೊಂಡಾರ, ಅಷ್ಟ” ಎಂದರು.

“ಹಂಗಾರ ಯಾವಾಗ ಬರ್ತೈತ್ರಿ, ಮೇಷ್ಟ್ರೇ?”

“ಅದನ್ನ ಇದ್ರಾಗ ಬರ್ದಿಲ್ಲ. ನಾಳೆ ನಾನೂ ಬರ್ತೀನಿ ನಡಿ, ಕೇಳೋಣು.”